ಕರಿಜೀರಿಗೆ ಎಣ್ಣೆ: ಪೂರಕವೇ ಹೊರತು ಮದ್ದಿಗೆ ಬದಲಿಯಲ್ಲ

ರೋಗಿಗಳ ಭೇಟಿಗೆಂದು ಮನೆಗಳಿಗೆ ಹೋದಾಗ ಮಾತ್ರೆಗಳ ಪಕ್ಕದಲ್ಲಿ ಕರಿಜೀರಿಗೆ ಎಣ್ಣೆಯ ಬಾಟಲಿಯನ್ನು ನಾವು ಹಲವು ಬಾರಿ ಕಂಡಿದ್ದೇವೆ. ಕೆಲವು ಗಲ್ಫ್‌ನಲ್ಲಿರುವ ಮಕ್ಕಳು ತಂದದ್ದು, ಕೆಲವು ಪೇಟೆಯಿಂದ ಕೊಂಡದ್ದು. "ಫಾದರ್, ಇದನ್ನು ಕುಡಿದರೆ ಶುಗರಿನ ಮಾತ್ರೆ ಬಿಡಬಹುದಂತೆ, ಹೌದಾ?" ಎಂದು ಕೇಳುವವರಿದ್ದಾರೆ. ನಾವು ವೈದ್ಯರಲ್ಲ. ಆದರೂ ಎಲ್ಲರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸಬಯಸುತ್ತೇವೆ.

ಯಾವುದು ಈ ಕರಿಜೀರಿಗೆ?

ಇದರ ಸಸ್ಯಶಾಸ್ತ್ರೀಯ ಹೆಸರು ನೈಜೆಲ್ಲಾ ಸಟೈವಾ, ಹಿಂದಿಯಲ್ಲಿ ಕಲೌಂಜಿ. ನಾವು ಅಡುಗೆಗೆ ಬಳಸುವ ಜೀರಿಗೆಯ ಕುಟುಂಬಕ್ಕೆ ಇದು ಸೇರಿಲ್ಲ. ಕಹಿಯಾದ ಕಾಡುಜೀರಿಗೆಯೂ ಬೇರೆಯೇ ಗಿಡದ ಬೀಜ. ಆದ್ದರಿಂದ ಕೊಳ್ಳುವಾಗ ಎಚ್ಚರವಿರಲಿ. ಬೈಬಲಿನಲ್ಲಿ ಯೆಶಾಯನ ಗ್ರಂಥದ 28ನೇ ಅಧ್ಯಾಯವು ಕೋಲಿನಿಂದ ಬಡಿದು ಬಿಡಿಸುವ ಬೀಜವೊಂದನ್ನು ಹೆಸರಿಸುತ್ತದೆ. ಅದು ಇದೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮುಸ್ಲಿಂ ಬಾಂಧವರಲ್ಲಿಯೂ ಪ್ರವಾದಿಯವರ ವಚನದ ಕಾರಣ ಇದಕ್ಕೆ ವಿಶೇಷ ಗೌರವವಿದೆ.

ಸಂಶೋಧನೆ ಏನು ಹೇಳುತ್ತದೆ?

ಬೀಜದಲ್ಲಿರುವ ಥೈಮೋಕ್ವಿನೋನ್ ಎಂಬ ಅಂಶದ ಮೇಲೆ ವಿಜ್ಞಾನಿಗಳ ಗಮನವಿದೆ. ಸೌದಿ ಅರೇಬಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 94 ಮಧುಮೇಹಿಗಳಿಗೆ 12 ವಾರ ಈ ಬೀಜವನ್ನು ಕೊಡಲಾಯಿತು. ದಿನಕ್ಕೆ 2 ಗ್ರಾಂ ಪಡೆದವರಲ್ಲಿ ಸಕ್ಕರೆಯ ಅಂಶ ಗಮನಾರ್ಹವಾಗಿ ಇಳಿಯಿತು. 3 ಗ್ರಾಂ ಪಡೆದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಆದರೆ ಅವರಾರೂ ತಮ್ಮ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಅವುಗಳ ಜೊತೆಗೇ ಬೀಜವನ್ನು ಸೇವಿಸಿದ್ದರು. ಈ ಮುಖ್ಯ ವಿಷಯವೇ ಬಾಯಿಂದ ಬಾಯಿಗೆ ಹೋಗುವಾಗ ಬಿಟ್ಟುಹೋಗುತ್ತದೆ.

ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಸ್ವಲ್ಪ ಮಟ್ಟಿಗೆ ಇಳಿದದ್ದೂ ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಕೆಲವೇ ಜನರ ಮೇಲೆ, ಕೆಲವೇ ವಾರ ನಡೆದಂಥವು. ಕ್ಯಾನ್ಸರ್ ಕುರಿತ ಪ್ರಯೋಗಗಳು ಬಹುಮಟ್ಟಿಗೆ ಪ್ರಯೋಗಾಲಯದ ಜೀವಕೋಶ ಹಾಗೂ ಪ್ರಾಣಿಗಳ ಮೇಲಿನವು. ಇದರಿಂದ ಮನುಷ್ಯರ ಕ್ಯಾನ್ಸರ್ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಯಾರು ಎಚ್ಚರ ವಹಿಸಬೇಕು?

* ಮಧುಮೇಹ, ರಕ್ತದೊತ್ತಡದ ಮಾತ್ರೆ ಸೇವಿಸುವವರು: ಎರಡೂ ಸೇರಿ ಸಕ್ಕರೆ ಅಥವಾ ಒತ್ತಡ ಅತಿಯಾಗಿ ಇಳಿಯಬಹುದು.
* ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಹಾಗೂ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು.
* ಗರ್ಭಿಣಿಯರು: ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕಿಂತ ಹೆಚ್ಚು ಬೇಡ.
* ಚರ್ಮಕ್ಕೆ ಹಚ್ಚುವವರು: ಕೆಲವರಿಗೆ ತುರಿಕೆ, ಗುಳ್ಳೆ ಬರುವುದುಂಟು.

ಆಹಾರ ಪೂರಕವಾಗಿ ಮಾರುವ ವಸ್ತುವಿನ ಲೇಬಲ್ ಮೇಲೆ ಅದು ಔಷಧವಾಗಿ ಬಳಸಲು ಅಲ್ಲವೆಂದು ಮುದ್ರಿಸಿರಬೇಕು ಎಂಬುದು ನಮ್ಮ ದೇಶದ ನಿಯಮ. ಮಧುಮೇಹ, ಕ್ಯಾನ್ಸರ್ ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

ಕರಿಜೀರಿಗೆಯನ್ನು ನಾವು ತಳ್ಳಿಹಾಕುತ್ತಿಲ್ಲ. ಸೇವಿಸಬೇಕೆನಿಸಿದರೆ ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಮುಚ್ಚಿಡಬೇಡಿ. ರೋಗಿಗಳ ಮನೆಗೆ ಹೋಗುವ ಕಾರ್ಯಕರ್ತರು "ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತೀರಾ?" ಎಂದು ಮರೆಯದೆ ಕೇಳಲಿ. ಆ ಒಂದು ಮಾತು ಒಂದು ಜೀವವನ್ನು ಉಳಿಸಬಹುದು.