ದೂರವಾಣಿಯ ಸಂಖ್ಯೆ ಎಲ್ಲಿ ಅಡಗಿದೆ?

ಹೊಸ ಮೊಬೈಲ್ ದೂರವಾಣಿಯನ್ನು ಕೊಂಡಾಗ ಹಳೆಯದರಿಂದ ಸಿಮ್ ಬಿಲ್ಲೆಯನ್ನು ತೆಗೆದು ಅದರಲ್ಲಿಟ್ಟರೆ ನಮ್ಮ ಸಂಖ್ಯೆಯೂ ಜೊತೆಗೆ ಬರುತ್ತದೆ. ಆದರೆ ಇ-ಸಿಮ್ ಎಂಬುದು ಉಪಕರಣದೊಳಗೇ ಬೆಸೆದ ಬಿಲ್ಲೆ, ಅದನ್ನು ಕೀಳಲಾಗದು. ಹೀಗಿರಲು ಸಂಖ್ಯೆಯು ಹೊಸ ಉಪಕರಣವನ್ನು ಸೇರುವುದು ಹೇಗೆ?

ಮೊದಲು ಬಿಲ್ಲೆಯ ಕೆಲಸವೇನೆಂಬುದನ್ನು ವಿಚಾರಿಸೋಣ. ಸಿಮ್ ಬಳಕೆಗೆ ಬಂದುದು 1991ರಲ್ಲಿ. ಅದು ಮುಖ್ಯವಾಗಿ ಕಾಪಾಡುವುದು ನಮ್ಮ ಹತ್ತಂಕಿಯ ಸಂಖ್ಯೆಯನ್ನಲ್ಲ. ಚಂದಾದಾರನ ಗುರುತನ್ನು ಮತ್ತು 128 ದ್ವಿಮಾನ ಅಂಕಿಗಳಷ್ಟು ಉದ್ದವಾದ ಒಂದು ಗುಪ್ತಸಂಖ್ಯೆಯನ್ನು. ಈ ಗುಪ್ತಸಂಖ್ಯೆಯ ಇನ್ನೊಂದು ಪ್ರತಿ ದೂರವಾಣಿ ಸಂಸ್ಥೆಯಲ್ಲಿರುತ್ತದೆ. ಸಂಸ್ಥೆಯು ಬಿಲ್ಲೆಯನ್ನು ಪರೀಕ್ಷಿಸುವಾಗ ಹೊಸದೊಂದು ಲೆಕ್ಕವನ್ನು ಒಡ್ಡುತ್ತದೆ. ಗುಪ್ತಸಂಖ್ಯೆಯ ನೆರವಿನಿಂದ ಇಬ್ಬರೂ ಅದನ್ನು ಬಿಡಿಸುತ್ತಾರೆ. ಉತ್ತರಗಳು ತಾಳೆಯಾದರೆ ಪ್ರವೇಶ ದೊರೆಯುತ್ತದೆ. ಗುಪ್ತಸಂಖ್ಯೆ ಮಾತ್ರ ಎಂದೂ ಬಿಲ್ಲೆಯಿಂದ ಹೊರಬೀಳುವುದಿಲ್ಲ.

ಸಾಮಾನ್ಯ ಬಳಕೆಯ ಇ-ಸಿಮ್‌ಗೆ ಜಿಎಸ್‌ಎಂಎ ಸಂಘವು 2016ರಲ್ಲಿ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ಪ್ರತಿಯೊಂದು ಬಿಲ್ಲೆಗೂ 32 ಅಂಕಿಗಳ ಪ್ರತ್ಯೇಕ ಗುರುತುಂಟು. ಸಂಸ್ಥೆಯು ಚಂದಾದಾರನ ವಿವರಗಳನ್ನು ಆ ಒಂದು ಬಿಲ್ಲೆ ಮಾತ್ರವೇ ಬಿಡಿಸಬಲ್ಲ ಗೂಢಲಿಪಿಯಲ್ಲಿ ಅಂತರಜಾಲದ ಮೂಲಕ ಕಳುಹಿಸುತ್ತದೆ. ಆದುದರಿಂದ ಹಳೆಯ ಉಪಕರಣದಿಂದ ಹೊಸದಕ್ಕೆ ಅದನ್ನು ನಕಲು ಮಾಡಲು ಸಾಧ್ಯವಿಲ್ಲ. ನಾವು ‘ವರ್ಗಾವಣೆ’ ಎನ್ನುವುದು ವಾಸ್ತವವಾಗಿ ಹೊಸ ವಿತರಣೆಯೇ ಸರಿ. ಸಾಮಾನ್ಯವಾಗಿ ಹೊಸ ಬಿಲ್ಲೆಗೆ ಹೊಸ ಗುಪ್ತಸಂಖ್ಯೆ ಬರುತ್ತದೆ, ಸಂಸ್ಥೆಯ ದಾಖಲೆಯಲ್ಲಿ ನಮ್ಮ ದೂರವಾಣಿ ಸಂಖ್ಯೆ ಅದಕ್ಕೆ ಜೋಡಣೆಯಾಗುತ್ತದೆ, ಹಳೆಯದು ನಿರರ್ಥಕವಾಗುತ್ತದೆ. ಹೊಲವು ಮಾರಾಟವಾದಾಗ ಮಣ್ಣು ಕದಲುವುದಿಲ್ಲ, ಖಾತೆ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ.

ಇದನ್ನರಿತವರಿಗೆ ಎರಡು ಎಚ್ಚರಿಕೆಗಳು ತಾವಾಗಿಯೇ ಹೊಳೆಯುತ್ತವೆ. ಹೊಸ ಉಪಕರಣವು ಕರೆಗಳನ್ನು ಸ್ವೀಕರಿಸುವವರೆಗೆ ಹಳೆಯದರಲ್ಲಿರುವುದನ್ನು ಅಳಿಸಬಾರದು. ಏಕೆಂದರೆ ಬದಲಾವಣೆಗೆ ಒಪ್ಪಿಗೆ ಕೇಳುವ ಸಂದೇಶವು ಬರುವುದು ಅನೇಕ ವೇಳೆ ಹಳೆಯದಕ್ಕೇ. ಅದನ್ನು ಮೊದಲೇ ಅಳಿಸಿದವನು ಒಳಗೆ ಕೀಲಿಕೈಯನ್ನಿಟ್ಟು ಬಾಗಿಲೆಳೆದುಕೊಂಡವನಂತೆ ಹೊರಗುಳಿಯುತ್ತಾನೆ.

ಎರಡನೆಯದು ಇನ್ನೂ ಗುರುತರವಾದುದು. ಬಿಲ್ಲೆಯನ್ನು ಕದಿಯಲು ಕಳ್ಳನು ನಮ್ಮ ಬಳಿಗೆ ಬರಬೇಕು. ಖಾತೆಯನ್ನು ಬದಲಾಯಿಸಲು ನಮ್ಮ ಒಪ್ಪಿಗೆಯ ಅಂಕಿಗಳೇ ಸಾಕು. ಸಂಸ್ಥೆಯ ನೌಕರನೆಂದು ಹೇಳಿಕೊಂಡು ಯಾರೋ ಅವನ್ನು ಕೇಳಿದಾಗ ನಾವು ಹೇಳಿಬಿಟ್ಟರೆ, ನಮ್ಮ ಸಂಖ್ಯೆ ಅವನ ಉಪಕರಣಕ್ಕೆ ಜೋಡಣೆಯಾಗಬಹುದು. ಆಗ ಬ್ಯಾಂಕಿನ ಸಂದೇಶಗಳೂ ಅವನಿಗೇ ತಲುಪುತ್ತವೆ. ನಮ್ಮ ಉಪಕರಣವು ಕಾರಣವಿಲ್ಲದೆ ಬಹಳ ಹೊತ್ತು ಮೌನವಾದರೆ, ಬೇರೊಂದು ದೂರವಾಣಿಯಿಂದ ಒಡನೆಯೇ ಸಂಸ್ಥೆಯನ್ನೂ ಬ್ಯಾಂಕನ್ನೂ ವಿಚಾರಿಸತಕ್ಕದ್ದು.

ಬಿಲ್ಲೆಯು ತನ್ನ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದರ ಒಡೆಯರಾದ ನಾವೂ ಅಷ್ಟೇ ಬಿಗಿಯಾಗಿರಬೇಡವೇ?