ರೀಕಾಲ್ ಆದ ಗಾಡಿ ಕೆಟ್ಟ ಗಾಡಿಯೇ?

ಯಲಹಂಕದ ಕಡೆ ನಾಲ್ಕು ಜನ ಸೇರಿದಲ್ಲಿ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: "ಸಾರ್, ಯಾವ ಕಂಪನಿ ಬೈಕ್ ತಗೊಂಡ್ರೆ ಒಳ್ಳೇದು?" ಕೇಳುವವರು ಮೂರು ಹೆಸರು ಯೋಚಿಸಿಕೊಂಡೇ ಬಂದಿರುತ್ತಾರೆ. ಅದರಲ್ಲೊಂದನ್ನು ಆಗಲೇ ಕೈಬಿಟ್ಟಿರುತ್ತಾರೆ. ಯಾಕೆ ಎಂದರೆ, "ಅದು ರೀಕಾಲ್ ಆಗಿತ್ತಂತೆ ಸಾರ್." ಬೈಕ್ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆದ್ದರಿಂದ ಈ ಅಧ್ಯಾಯದ ದೊಡ್ಡ ಪಾಲು ಇದಕ್ಕೇ ಮೀಸಲು.

ಮೂರು ಪದಗಳು

ಗಾಡಿ ದಾರಿಯಲ್ಲಿ ಕೈಕೊಡದೆ ವರ್ಷಗಟ್ಟಲೆ ಓಡುವುದು ವಿಶ್ವಾಸಾರ್ಹತೆ. ಒಂದು ಅವಧಿಯಲ್ಲಿ ತಯಾರಾದ ಗಾಡಿಗಳಲ್ಲಿ ಸುರಕ್ಷತೆಗೆ ಕುತ್ತು ತರುವಂಥ ದೋಷ ಕಂಡಾಗ ಕಂಪನಿ ಅವನ್ನು ಕರೆಸಿಕೊಂಡು ದುಡ್ಡು ತೆಗೆದುಕೊಳ್ಳದೆ ಸರಿಪಡಿಸಿಕೊಡುವುದು ರೀಕಾಲ್. ಗಾಡಿ ಕೆಟ್ಟು ನಿಂತ ದಿನ ಕಂಪನಿ ಮತ್ತು ಡೀಲರ್ ನಮ್ಮನ್ನು ನಡೆಸಿಕೊಳ್ಳುವ ರೀತಿ ಗ್ರಾಹಕ ಸೇವೆ. ಮೂರೂ ಬೇರೆ ಬೇರೆ. ಒಂದರಲ್ಲಿ ಮುಂದಿರುವ ಕಂಪನಿ ಇನ್ನೊಂದರಲ್ಲಿ ಹಿಂದೆ ಬೀಳಬಹುದು.

ನಮ್ಮ ದೇಶದಲ್ಲಿ 2012ರ ಜುಲೈನಿಂದ ವಾಹನ ತಯಾರಕರ ಸಂಘ 'ಸಿಯಾಮ್' ಸ್ವಯಂಪ್ರೇರಿತ ರೀಕಾಲ್ ಪದ್ಧತಿಯನ್ನು ಜಾರಿಗೆ ತಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110-ಎ ಕಲಂ ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಈಗ ದೂರುಗಳು ಒಂದು ಮಿತಿ ದಾಟಿದರೆ ಏಳು ವರ್ಷದೊಳಗಿನ ಗಾಡಿಗಳನ್ನು ಕರೆಸಿಕೊಳ್ಳುವಂತೆ ಸರ್ಕಾರವೇ ಆದೇಶಿಸಬಹುದು. ಕಾನೂನಿನ ಮಾತು ಇಷ್ಟು ಸಾಕು. ನಿಜವಾದ ಸ್ವಾರಸ್ಯ ಇಂಜಿನ್ನಿನ ಪಕ್ಕದಲ್ಲಿದೆ.

ಒಂದು ಕಾಯಿಲ್ ಹೇಳುವ ಪಾಠ

2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್, ಕ್ಲಾಸಿಕ್, ಮೀಟಿಯೋರ್ ಮೊದಲಾದ 2,36,966 ಬೈಕುಗಳನ್ನು ರೀಕಾಲ್ ಮಾಡಿತು. ಭಾರತದ ಜೊತೆಗೆ ಥಾಯ್ಲೆಂಡ್, ಇಂಡೋನೇಷ್ಯಾ, ಆಸ್ಟ್ರೇಲಿಯಾಗಳಲ್ಲಿ ಮಾರಿದ ಗಾಡಿಗಳೂ ಅದರಲ್ಲಿದ್ದವು. ದೋಷವಿದ್ದದ್ದು ಇಗ್ನಿಷನ್ ಕಾಯಿಲ್‌ನಲ್ಲಿ. ಅದರಿಂದ ಇಂಜಿನ್ ಮಿಸ್ಸಿಂಗ್ ಹೊಡೆಯಬಹುದಿತ್ತು, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಕೂಡ ಆಗಬಹುದಿತ್ತು.

ಆ ಕಾಯಿಲ್ ಮಾಡುವ ಕೆಲಸ ನೋಡಿ. ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿರುವ, ಒಂದು ಮಿಲಿಮೀಟರಿಗೂ ಕಿರಿದಾದ ಸಂದನ್ನು ಕಿಡಿ ದಾಟಬೇಕಾದರೆ ಹತ್ತಾರು ಸಾವಿರ ವೋಲ್ಟ್ ಬೇಕು. ಈ ಅಂತರ ತುಂಬಲು ಕಾಯಿಲ್ ಒಳಗೆ ಎರಡು ಸುರುಳಿಗಳಿವೆ. ಒಂದರಲ್ಲಿ ದಪ್ಪ ತಂತಿಯ ಕೆಲವೇ ನೂರು ಸುತ್ತು, ಇನ್ನೊಂದರಲ್ಲಿ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಮೊದಲ ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಥಟ್ಟನೆ ಕಡಿದರೆ ಅದರ ಸುತ್ತಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತವೇ ಎರಡನೇ ಸುರುಳಿಯಲ್ಲಿ ಭಾರಿ ವೋಲ್ಟೇಜ್ ಎಬ್ಬಿಸುತ್ತದೆ. ಕರೆಂಟ್ ನಿಂತ ಗಳಿಗೆಯಲ್ಲೇ ಕಿಡಿ ಹುಟ್ಟುತ್ತದೆ! 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು. ಎಷ್ಟು ಸಲ ವಿವರಿಸಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಒಂದು ಸಿಲಿಂಡರಿಗೆ ಕಡಿಮೆಯೆಂದರೂ 2,000 ಕಿಡಿ ಬೇಕು. ಅಷ್ಟು ವೋಲ್ಟೇಜನ್ನು ಅಂಗೈಯಲ್ಲಿ ಹಿಡಿಯುವ ಡಬ್ಬಿಯೊಳಗೆ ಅಡಗಿಸಿಡುವುದು ತಂತಿಗಳ ನಡುವೆ ತುಂಬಿದ ರಾಳದ ನಿರೋಧಕ. ಅದರಲ್ಲಿ ಕಣ್ಣಿಗೆ ಕಾಣದ ಒಂದು ಗುಳ್ಳೆಯೋ ಸೀಳೋ ಇದ್ದರೆ ಹೊಸತರಲ್ಲಿ ಏನೂ ಗೊತ್ತಾಗುವುದಿಲ್ಲ. ಗಾಡಿ ಶೋರೂಮಿನಿಂದ ಚೆನ್ನಾಗಿಯೇ ಹೊರಡುತ್ತದೆ. ಆಮೇಲೆ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್‌ನಲ್ಲಿ ಕಾಯುತ್ತದೆ, ಮಳೆಯಲ್ಲಿ ತಣ್ಣಗಾಗುತ್ತದೆ, ಮತ್ತೆ ಕಾಯುತ್ತದೆ. ಕಾದು ತಣಿಯುವ ಪ್ರತಿ ಸಲವೂ ಸೀಳು ಒಂದಿಷ್ಟು ಅಗಲವಾಗುತ್ತದೆ. ಒಂದು ದಿನ ವಿದ್ಯುತ್ತು ಪ್ಲಗ್ಗಿನ ದಾರಿ ಬಿಟ್ಟು ಆ ಸೀಳಿನ ದಾರಿ ಹಿಡಿಯುತ್ತದೆ. ಗಾಡಿ ಜರ್ಕ್ ಹೊಡೆಯುತ್ತದೆ.

ಇಲ್ಲಿ ಗಮನಿಸಬೇಕಾದದ್ದಿದೆ. ಜರ್ಕ್ ಹೊಡೆದ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಒರೆಸುತ್ತಾನೆ, ಪೆಟ್ರೋಲ್ ಮೇಲೆ ಅನುಮಾನ ಪಡುತ್ತಾನೆ. ಅಷ್ಟರಲ್ಲಿ ಕಾಯಿಲ್ ತಣ್ಣಗಾಗಿ ಗಾಡಿ ಸರಿಯಾಗಿರುತ್ತದೆ. ಅವನ ತಪ್ಪಿಲ್ಲ. ಅವನ ಮುಂದಿರುವುದು ಒಂದೇ ಗಾಡಿ. ಅದೇ ತಿಂಗಳು, ಅದೇ ಸರಬರಾಜುದಾರನಿಂದ ಬಂದ ಕಾಯಿಲ್ ಇನ್ನೆಷ್ಟು ಗಾಡಿಗಳಲ್ಲಿದೆ ಎಂದು ತಿಳಿಯುವುದು ತಯಾರಿಸಿದ ಕಂಪನಿಗೆ ಮಾತ್ರ. ಆ ರೀಕಾಲ್‌ನಲ್ಲಿ ಕಂಪನಿ ಹೇಳಿದ್ದೂ ಇದನ್ನೇ: 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ಹೊರಗಿನ ಸರಬರಾಜುದಾರರಿಂದ ಬಂದ ಕೆಲವು ಬ್ಯಾಚ್‌ಗಳಲ್ಲಿ ದೋಷವಿದೆ, ಅದು ತನ್ನದೇ ಪರೀಕ್ಷೆಯಲ್ಲಿ ಪತ್ತೆಯಾಯಿತು, ಕರೆಸಿದ ಗಾಡಿಗಳಲ್ಲಿ ಬಿಡಿಭಾಗ ಬದಲಿಸಬೇಕಾಗುವುದು ಶೇ. 10ಕ್ಕಿಂತ ಕಡಿಮೆ.

ಎಂದರೆ ನಾವು ಎಷ್ಟೇ ಜಾಣರಾದರೂ ಕಾಣಲಾಗದ ಸಂಗತಿಯೊಂದನ್ನು ಕಂಪನಿ ಬಾಯಿಬಿಟ್ಟು ಹೇಳುವುದೇ ರೀಕಾಲ್. ಎಷ್ಟು ಬೇಗ ಹೇಳಿತು, ಎಷ್ಟು ಬಿಚ್ಚಿ ಹೇಳಿತು, ಸ್ಪೇರ್ ಎಷ್ಟು ಬೇಗ ಒದಗಿಸಿತು ಎಂಬುದರ ಮೇಲೆ ಕಂಪನಿಯನ್ನು ತೂಗಬೇಕು. ಏನನ್ನೂ ಹೇಳದ ಕಂಪನಿಯಲ್ಲಿ ದೋಷವೇ ಇಲ್ಲ ಎಂದು ಭಾವಿಸುವುದು ಅಪಾಯ.

ಎಣಿಸುವಾಗ ಆಗುವ ತಪ್ಪು

ಯಶವಂತಪುರದ ಗ್ಯಾರೇಜೊಂದರಲ್ಲಿ ಹತ್ತು ಗಾಡಿ ರಿಪೇರಿಗೆ ನಿಂತಿವೆ, ಅದರಲ್ಲಿ ಆರು ಒಂದೇ ಕಂಪನಿಯವು ಎಂದುಕೊಳ್ಳಿ. ಆ ಕಂಪನಿ ಕೆಟ್ಟದ್ದೇ? ರಸ್ತೆಯಲ್ಲಿ ಓಡುವ ಹತ್ತರಲ್ಲಿ ಏಳು ಅದರದ್ದೇ ಆಗಿದ್ದರೆ, ಅದು ಉಳಿದವಕ್ಕಿಂತ ಕಡಿಮೆ ಕೆಡುತ್ತಿದೆ ಎಂದರ್ಥ. ಎಷ್ಟು ಕೆಟ್ಟವು ಎಂದು ಕೇಳುವ ಮೊದಲು ಎಷ್ಟು ಮಾರಿದವು, ಎಷ್ಟು ಕಿಲೋಮೀಟರ್ ಓಡಿದವು ಎಂದು ಕೇಳಬೇಕು.

ಹೀಗೆ ಲೆಕ್ಕವಿಟ್ಟು ನೋಡಿದ ಸಮೀಕ್ಷೆಯೊಂದನ್ನು ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' 2015ರಲ್ಲಿ ಪ್ರಕಟಿಸಿತು. ನಾಲ್ಕು ವರ್ಷ ಹಳೆಯ ಬೈಕುಗಳಲ್ಲಿ ದೊಡ್ಡ ರಿಪೇರಿಗೆ ಬಂದವು ಯಮಾಹಾದಲ್ಲಿ ಸುಮಾರು ಶೇ. 11, ಹೋಂಡಾ ಮತ್ತು ಸುಜುಕಿಯಲ್ಲಿ ಶೇ. 12, ಹಾರ್ಲೆ ಡೇವಿಡ್‌ಸನ್‌ನಲ್ಲಿ ಶೇ. 26, ಬಿಎಂಡಬ್ಲ್ಯುವಿನಲ್ಲಿ ಶೇ. 40. ಆದರೆ 'ಮತ್ತೆ ಇದೇ ಬೈಕ್ ಕೊಳ್ಳುತ್ತೀರಾ' ಎಂದಾಗ ಹೌದು ಎಂದವರು ಹಾರ್ಲೆಯಲ್ಲಿ ಶೇ. 72, ಹೋಂಡಾದಲ್ಲಿ ಶೇ. 70! ಮಾಲೀಕನ ಪ್ರೀತಿಗೂ ಗಾಡಿಯ ಬಾಳಿಕೆಗೂ ಇರುವ ನಂಟು ನಾವು ತಿಳಿದಷ್ಟು ಗಟ್ಟಿಯಲ್ಲ. ಗೆಳೆಯನ ಹೊಗಳಿಕೆ ಕೇಳುವಾಗ ಇದು ನೆನಪಿರಲಿ. ಆ ಪಟ್ಟಿಯ ತುದಿಯಲ್ಲಿದ್ದ ಯಮಾಹಾ ಕೂಡ 2024ರಲ್ಲಿ ಭಾರತದಲ್ಲಿ ಬ್ರೇಕ್ ಲಿವರ್ ಸಮಸ್ಯೆಗಾಗಿ ಸುಮಾರು 3 ಲಕ್ಷ ಸ್ಕೂಟರುಗಳನ್ನು ರೀಕಾಲ್ ಮಾಡಿತು.

ಕೆಟ್ಟು ನಿಂತ ದಿನ

ಗ್ರಾಹಕ ಸೇವೆ ಕುಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನದೇ ಉದಾಹರಣೆಯಿದೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಬಗ್ಗೆ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದವು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಶೇ. 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಗಾಡಿ ಎಷ್ಟೇ ಹೊಸ ತಂತ್ರಜ್ಞಾನದ್ದಾದರೂ ಸರ್ವಿಸ್ ಸೆಂಟರಿನ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತರೆ ಮಾಲೀಕನಿಗೆ ಅದು ಕೆಟ್ಟ ಗಾಡಿಯೇ.

ಇದಕ್ಕೆ ತೀರಾ ತದ್ವಿರುದ್ಧ ಉದಾಹರಣೆ ಮೈಸೂರಿನದು. 1960ರಲ್ಲಿ ಹುಟ್ಟಿದ ಬೈಕ್ ಕಂಪನಿ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ದೂರು ಕೊಡಲು ಕಂಪನಿಯೇ ಉಳಿಯಲಿಲ್ಲ. ಆದರೂ ಅದರ ಜಾವಾ, ಯೆಜ್ಡಿ ಬೈಕುಗಳು ಬೆಂಗಳೂರಿನಲ್ಲಿ ಇಂದಿಗೂ ಓಡುತ್ತಿವೆ. ಅವನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು, ಸ್ಪೇರ್ ಹುಡುಕಿ ತರುವ ಅಭಿಮಾನಿಗಳು ಇದ್ದದ್ದೇ ಕಾರಣ. ಹಾಗಾಗಿ ಕೊಳ್ಳುವ ಮುನ್ನ ನಿಮ್ಮ ಮನೆಗೆ ಹತ್ತಿರದ ಸರ್ವಿಸ್ ಸೆಂಟರಿಗೆ ಒಂದು ಶನಿವಾರ ಬೆಳಿಗ್ಗೆ ಹೋಗಿ ನಿಲ್ಲಿ. ಗಾಡಿ ಬಿಡಲು ಬಂದವರನ್ನು ಎರಡೇ ಪ್ರಶ್ನೆ ಕೇಳಿ: ಸ್ಪೇರ್‌ಗೆ ಎಷ್ಟು ದಿನ ಕಾದಿರಿ? ಹೇಳಿದ ದಿನ ಗಾಡಿ ಕೊಟ್ಟರೇ?

ಚಾಸಿಸ್ ನಂಬರ್

ನನ್ನ ಅಕ್ಕನ ಮಗ ಆರ್.ಟಿ. ನಗರದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡ. "ಮಾವ, ಒಂದ್ಸಲ ನೋಡಿ" ಎಂದು ತಂದು ನಿಲ್ಲಿಸಿದ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಅದರ ಬುಡದ ಕೊಳವೆಯ ಮೇಲಿನ ಧೂಳು, ಗ್ರೀಸ್ ಒರೆಸಿದೆವು. ಕೊರೆದ 17 ಅಕ್ಷರ, ಅಂಕಿಗಳು ಕಂಡವು. ಆರ್‌ಟಿಒ ಕೆಲಸಕ್ಕೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಇದನ್ನೇ. ಆ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದೆವು. ಎರಡು ವರ್ಷದ ಹಿಂದಿನ ರೀಕಾಲ್ ಹಾಗೆಯೇ ಬಾಕಿ ಇತ್ತು! ಸಂದೇಶ ಮೊದಲ ಮಾಲೀಕನ ಮೊಬೈಲಿಗೆ ಹೋಗಿತ್ತು. ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗ ಬದಲಿಸಿದರು, ಒಂದು ರೂಪಾಯಿ ಕೇಳಲಿಲ್ಲ.

ಇಡೀ ವ್ಯವಸ್ಥೆಯ ಸಡಿಲ ಕೊಂಡಿ ಇದು. ಗಾಡಿ ಕೈ ಬದಲಾಯಿಸುತ್ತದೆ, ಫೋನ್ ನಂಬರ್ ಬದಲಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಆರ್‌ಸಿ ವರ್ಗಾಯಿಸಿದ ದಿನವೇ ಆರ್‌ಟಿಒ ದಾಖಲೆಯಲ್ಲೂ ಕಂಪನಿಯಲ್ಲೂ ಮೊಬೈಲ್ ನಂಬರ್ ಬದಲಿಸಿಕೊಳ್ಳಬೇಕು. ಸೇವೆಯಲ್ಲಿ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸರ್ವಿಸ್ ಸೆಂಟರಿನವರು ಕೊಡುವ ಜಾಬ್ ಕಾರ್ಡುಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ ಗ್ರಾಹಕ ಆಯೋಗದಲ್ಲಿ ಅವೇ ಸಾಕ್ಷಿ.

ಓದುಗರಲ್ಲೊಂದು ಕೋರಿಕೆ

ನಮಗೆ ಬೇಕಾಗಿರುವುದು ಬೆಂಗಳೂರಿನ ಬಿಸಿಲು, ಮಳೆ, ಹಂಪು, ಜಾಮ್‌ಗಳಲ್ಲಿ ಓಡಿದ ಗಾಡಿಗಳ ಲೆಕ್ಕ. ಅದನ್ನು ನಾವೇ ಬರೆದಿಡಬಹುದು. ಯಲಹಂಕ, ಹೆಬ್ಬಾಳದ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಮಕ್ಕಳು ತಮ್ಮ ಪಾರ್ಕಿಂಗ್‌ನಲ್ಲಿರುವ ಇನ್ನೂರು ಗಾಡಿಗಳನ್ನು ಎರಡು ವರ್ಷ ಹಿಂಬಾಲಿಸಿದರೆ ಎಷ್ಟೊಂದು ತಿಳಿಯುತ್ತದೆ! ಯಾವ ತಿಂಗಳು ತಯಾರಾದದ್ದು, ಎಷ್ಟು ಕಿಲೋಮೀಟರಿಗೆ ಏನು ಕೆಟ್ಟಿತು, ಸರಿಯಾಗಲು ಎಷ್ಟು ದಿನ ಹಿಡಿಯಿತು: ಮೂರು ಕಾಲಂ ಸಾಕು. ನೀವೂ ಇವತ್ತೇ ಒಂದು ಪುಸ್ತಕ ತೆರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಗಾಡಿಯ ಚಾಸಿಸ್ ನಂಬರ್ ಬರೆಯಿರಿ.