‘ಉಪ್ಪಾ, ನೀವು ಓದಿದ್ದೀರಾ?’

ನಮ್ಮ ಮನೆಯ ಕಪಾಟಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ, ಒಂದು ಕಾದಂಬರಿ ಹನ್ನೊಂದು ದಿನ ಬಿದ್ದಿತ್ತು. ಅಲ್ಲಿಟ್ಟವನು ನಾನೇ.

ಮೊದಲ ಪಿಯುಸಿಯಲ್ಲಿರುವ ಮಗಳು ಗೆಳತಿಯಿಂದ ಕೇಳಿ ತಂದದ್ದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಮಗ್ರಿಬ್ ಮುಗಿಸಿ ಮನೆಗೆ ಬಂದರೆ ಅವಳು ಗೋಡೆಗೊರಗಿ ಅದನ್ನೇ ಓದುತ್ತಿದ್ದಳು. ಉಮ್ಮ ಎರಡು ಸಲ ಕರೆದರೂ ಕೇಳಿಸಿಲ್ಲ. ತಲಾಖಿನ ಕಥೆ ಅಂತ ಯಾರೋ ಹೇಳಿದ್ದು ನನಗೆ ನೆನಪಿತ್ತು. ಕೈಯಿಂದ ತೆಗೆದುಕೊಂಡು ‘ಪರೀಕ್ಷೆ ಮುಗಿಯಲಿ’ ಅಂದೆ. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅವಳು ಹಟ ಮಾಡಲಿಲ್ಲ, ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು: ‘ಉಪ್ಪಾ, ನೀವು ಓದಿದ್ದೀರಾ?’

ಓದಿರಲಿಲ್ಲ. ಮದ್ರಸದಲ್ಲಿ ಮಕ್ಕಳು ಪಾಠ ಒಪ್ಪಿಸುವಾಗ, ಓದದೆ ಓದಿದ್ದೇನೆ ಅಂದವನನ್ನು ನಾನು ನಿಲ್ಲಿಸಿಬಿಡುತ್ತೇನೆ. ಈಗ ಯಾರು ನಿಲ್ಲಬೇಕು? ಹನ್ನೆರಡನೇ ದಿನ ಇಶಾ ನಮಾಝಿನ ಬಳಿಕ ಸೂಟ್‌ಕೇಸ್ ಸರಿಸಿ ಪುಸ್ತಕ ಇಳಿಸಿದೆ. ಎರಡು ರಾತ್ರಿಯಲ್ಲಿ ಮುಗಿಯಿತು. ದೊಡ್ಡ ಪುಸ್ತಕವೇನಲ್ಲ.

ಕಥೆ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು. ನಾದಿರಾ ಎಂಬ ಹುಡುಗಿಯ ಸಂಸಾರ ಅವಳ ತಂದೆಯ ಹಟದಿಂದಲೇ ಮುರಿಯುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಬೇಡವಾದ ತಲಾಖ್. ಮತ್ತೆ ಕೂಡಬೇಕೆಂದರೆ ನಡುವೆ ಇನ್ನೊಂದು ಮದುವೆ ಆಗಿ ಬಿಡುಗಡೆ ಆಗಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೊನೆ ಹೇಳುವುದಿಲ್ಲ, ಓದಿಯೇ ತಿಳಿಯಬೇಕು.

ಇದೇ ಅಧ್ಯಾಯವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಮತ್ತೊಬ್ಬನಿಗೆ ಹಲಾಲ್ ಮಾಡಿಕೊಡುವುದಕ್ಕೆಂದೇ ಮೊದಲೇ ಮಾತಾಡಿಕೊಂಡು ಮದುವೆಯಾಗುವವನನ್ನೂ, ಹಾಗೆ ಮಾಡಿಸಿಕೊಳ್ಳುವವನನ್ನೂ ಹದೀಸಿನಲ್ಲಿ ಶಪಿಸಲಾಗಿದೆ ಎಂದೂ ಹೇಳಿಕೊಟ್ಟಿದ್ದೇನೆ. ಮಕ್ಕಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಅಂಕ ತೆಗೆದಿದ್ದಾರೆ. ಆದರೆ ಆ ಮಸ್‌ಅಲೆಯೊಳಗೆ ಒಬ್ಬಳು ಹೆಣ್ಣುಮಗಳು ಕೂತಿದ್ದಾಳೆ, ಮೊಲೆ ಕುಡಿಯುವ ಮಗುವನ್ನು ಬಿಟ್ಟಿದ್ದಾಳೆ, ಅವಳಿಗೂ ಒಂದು ರಾತ್ರಿ ಇದೆ ಎಂದು ನನಗೆ ಹೊಳೆದಿರಲಿಲ್ಲ. ಲೇಖಕಿಯ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದಲ್ಲ. ಧರ್ಮ ಹೇಳಿದ್ದು ಯಾವುದು, ಜನ ಮಾಡಿಕೊಂಡದ್ದು ಯಾವುದು ಎಂಬ ಗೆರೆಯನ್ನು ಅವರು ಇನ್ನಷ್ಟು ದಪ್ಪವಾಗಿ ಎಳೆಯಬಹುದಿತ್ತು ಅನ್ನಿಸಿತು. ಆದರೂ ಪುಸ್ತಕ ಮುಚ್ಚಿದ ಮೇಲೆ ನನ್ನ ಪಾಠ ಮೊದಲಿನಂತೆ ಉಳಿಯಲಿಲ್ಲ. ಮಗಳಿಗೆ ಪುಸ್ತಕ ವಾಪಸ್ ಕೊಟ್ಟೆ. ಓದಿ ಮುಗಿಸಿದ ಮೇಲೆ ಅಡುಗೆಮನೆಯಲ್ಲಿ ಮೂವರೂ ಕೂತು ಮಾತಾಡಿದೆವು. ತಲಾಖಿನ ಬಗ್ಗೆ ನನ್ನ ಮಗಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಆ ಪುಸ್ತಕ ಕಪಾಟಿನ ಮೇಲೆಯೇ ಇದ್ದಿದ್ದರೆ ಆ ಮಾತು ಅವಳು ಬೇರೆಲ್ಲೋ, ಬೇರೆ ಯಾರ ಹತ್ತಿರವೋ ಆಡುತ್ತಿದ್ದಳು.

ಸಾರಾ ಅವರು ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ. ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆಯಲ್ಲಿ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ ಒಂದು ಪುಸ್ತಕವನ್ನಾದರೂ ಓದಿರಬೇಕಿತ್ತು ನಾನು.

ಕಥೆ, ಕಾದಂಬರಿ ಅಂದರೆ ಸಮಯ ಹಾಳು ಎಂಬ ಮಾತು ನಮ್ಮಲ್ಲಿದೆ. ನಾನೂ ಆಡಿದ್ದೇನೆ. ಆದರೆ ಯೂಸುಫ್ ನಬಿಯವರ ವೃತ್ತಾಂತವನ್ನು ಕುರ್‌ಆನ್ ಕರೆಯುವುದೇ ‘ಅಹ್ಸನುಲ್ ಕಸಸ್’ ಎಂದು, ಅಂದರೆ ಕಥನಗಳಲ್ಲೇ ಅತ್ಯುತ್ತಮವಾದದ್ದು. ಅರಬಿ ಕಲಿತವರು ‘ಕಲೀಲಾ ವ ದಿಮ್ನಾ’ ಹೆಸರು ಕೇಳಿರುತ್ತಾರೆ. ನರಿ, ಸಿಂಹ, ಎತ್ತುಗಳ ಕಥೆ. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಅ್ ಅದನ್ನು ಪಹ್ಲವಿ ಭಾಷೆಯಿಂದ ಅರಬಿಗೆ ತಂದರು. ಪಹ್ಲವಿಗೆ ಅದು ಹೋದದ್ದು ನಮ್ಮ ದೇಶದ ಪಂಚತಂತ್ರದಿಂದ. ಅದೇ ಪಂಚತಂತ್ರವನ್ನು ದುರ್ಗಸಿಂಹ ಎಂಬ ಕವಿ 1031ರ ಹೊತ್ತಿಗೆ ಕನ್ನಡದಲ್ಲಿ ಬರೆದ. ಅವನು ಈಗಿನ ಗದಗ ಸೀಮೆಯವನು, ನಮ್ಮ ಹಾವೇರಿಗೆ ನೆರೆ ಜಿಲ್ಲೆ. ಬಗ್ದಾದಿನಲ್ಲಿ ಓದಿದ್ದೂ ಗದಗದಲ್ಲಿ ಓದಿದ್ದೂ ಒಂದೇ ನರಿಯ ಕಥೆ. ಮದ್ರಸದ ಮಕ್ಕಳಿಗೆ ಇದನ್ನು ಹೇಳಿದ ದಿನ ಅವರು ಎದ್ದು ಹೋಗಲೇ ಇಲ್ಲ.

ನಾನಿರುವುದು ಮೋಟೆಬೆನ್ನೂರಿನಲ್ಲಿ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಬ್ಯಾಡಗಿಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವ ಊರು. ಕರಾವಳಿಯಿಂದ ಬಂದ ನನ್ನಂಥವನನ್ನು ಇಲ್ಲಿ ಕೆಲವರು ಉಸ್ತಾದ್ ಅನ್ನುತ್ತಾರೆ, ಹೆಚ್ಚಿನವರು ಹಜರತ್ ಅನ್ನುತ್ತಾರೆ. ಬ್ಯಾರಿ ಭಾಷೆ ಮಾತಾಡಬೇಕೆಂದರೆ ಮನೆಯೊಳಗೆ, ಇಲ್ಲವೇ ಊರಿಗೆ ಫೋನ್ ಮಾಡಿ. ಹಾಗಾಗಿ ಮೊದಮೊದಲು ಸಂಜೆಗಳು ಬಹಳ ಉದ್ದ ಇದ್ದವು.

ಒಂದು ದಿನ ಪಂಚಾಯ್ತಿ ಗ್ರಂಥಾಲಯಕ್ಕೆ ಪೇಪರ್ ಓದಲು ಹೋದೆ. ಅಲ್ಲಿನ ಮೇಲ್ವಿಚಾರಕರು, ‘ಹಜರತ್ರ, ಪೇಪರ್ ದಿನಾ ಬರತೈತ್ರಿ, ಇದನ್ನೊಂದು ಒಯ್ರಿ’ ಅಂತ ಮೈಲಾರ ಮಹದೇವಪ್ಪನವರ ಬಗ್ಗೆ ಒಂದು ಸಣ್ಣ ಪುಸ್ತಕ ಕೈಗಿಟ್ಟರು. ಮಹದೇವಪ್ಪ ಇದೇ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದವರು. 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದವರಲ್ಲಿ ಒಬ್ಬರು, ಆಗ ವಯಸ್ಸು ಹದಿನೆಂಟು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರ ಊರಿನಲ್ಲೇ ಅಷ್ಟು ದಿನ ಇದ್ದೂ ಅವರ ಹೆಸರನ್ನು ಬೋರ್ಡಿನಲ್ಲಷ್ಟೇ ಓದಿದ್ದೆ.

ಪುಸ್ತಕ ವಾಪಸ್ ಕೊಡುವಾಗ, ‘ಇಂಥದ್ದು ನಮ್ಮ ಕಡೆಯದ್ದೂ ಇದೆಯಾ?’ ಎಂದು ಸುಮ್ಮನೆ ಕೇಳಿದೆ. ಅವರು ಹುಡುಕಿ ಕೊಟ್ಟದ್ದು ನಿರಂಜನರ ‘ಚಿರಸ್ಮರಣೆ’. 1955ರ ಕಾದಂಬರಿ, ಕಯ್ಯೂರಿನ ರೈತರದ್ದು. ಕಯ್ಯೂರು ಈಗ ಕೇರಳದಲ್ಲಿದೆ. ಆಗ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಊರು. ಜಮೀನ್ದಾರಿಯ ವಿರುದ್ಧ ಎದ್ದ ಆ ರೈತರಲ್ಲಿ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ವರಲ್ಲಿ ಒಬ್ಬರು ಅಬೂಬಕ್ಕರ್. ತಾರೀಖು ನೋಡಿದೆ: 1943, ಮಾರ್ಚ್ 29. ಮಹದೇವಪ್ಪನವರಿಗಿಂತ ಮೂರೇ ದಿನ ಮೊದಲು. ನಾನು ಹುಟ್ಟಿದ ಸೀಮೆಯ ಒಂದು ಮರಣ, ಅನ್ನ ತಿನ್ನುತ್ತಿರುವ ಊರಿನ ಒಂದು ಮರಣ, ಒಂದೇ ವಾರದಲ್ಲಿ. ಒಬ್ಬರ ದಾರಿ ಗಾಂಧಿಯದ್ದು, ಇನ್ನೊಬ್ಬರದ್ದು ಕೆಂಬಾವುಟದ್ದು. ಯಾವ ಪಠ್ಯಪುಸ್ತಕವೂ ನನಗೆ ಇವರಿಬ್ಬರನ್ನು ಪಕ್ಕಪಕ್ಕ ಕೂರಿಸಿ ತೋರಿಸಿರಲಿಲ್ಲ.

ಒಳ್ಳೆಯ ಪುಸ್ತಕ ಹುಡುಕುವುದು ಹೇಗೆ ಎಂದು ಮದ್ರಸಕ್ಕೆ ಬರುವ ತಾಯಂದಿರು ಕೇಳುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ: ಕಾಲ ಬುಡದಿಂದ ಶುರು ಮಾಡಬೇಕು. ಒಂದು ಪುಸ್ತಕ ಓದಿ ಮುಗಿಸುವಾಗ ಒಂದು ಪ್ರಶ್ನೆ ಉಳಿದಿರುತ್ತದೆ, ಆ ಪ್ರಶ್ನೆಯನ್ನು ಹಿಡಿದುಕೊಂಡು ಮುಂದಿನದ್ದಕ್ಕೆ ಹೋಗಬೇಕು. ‘ಓದಲೇಬೇಕಾದ ನೂರು ಪುಸ್ತಕ’ದ ಪಟ್ಟಿಗಳು ಮೊಬೈಲಿನಲ್ಲಿ ಬರುತ್ತವೆ. ಆ ಪಟ್ಟಿಯಿಂದ ಮೂರನೇ ಪುಸ್ತಕದವರೆಗೆ ಹೋದವರನ್ನು ನಾನು ಕಂಡಿಲ್ಲ.

ಇನ್ನೊಂದು ಪರೀಕ್ಷೆ ಬ್ಯಾಡಗಿಯ ಪೇಟೆಯಲ್ಲಿ ಕಲಿತದ್ದು. ಕರಾವಳಿಯಲ್ಲಿ ನಮ್ಮ ಹೆಂಗಸರು ಬ್ಯಾಡಗಿ ಮೆಣಸು ಇಲ್ಲದೆ ಸಾರಿಗೆ ಕೈ ಹಾಕುವುದಿಲ್ಲ, ಆದರೆ ಅದನ್ನು ಆರಿಸುವುದು ನೋಡಿರುವುದಿಲ್ಲ. ಸೋಮವಾರ, ಗುರುವಾರ ಇಲ್ಲಿ ಮಾರುಕಟ್ಟೆ. ಸುಗ್ಗಿಯಲ್ಲಿ ಬಸ್ ಇಳಿದರೇ ಸೀನು. ನುಣುಪಾಗಿ ಹೊಳೆಯುವ ಕಾಯಿ ನೋಡಿ ನಾನು ‘ಇದು ಚೆನ್ನಾಗಿದೆ’ ಅಂದಾಗ ವ್ಯಾಪಾರಿ ನಕ್ಕರು. ಕಡ್ಡಿ ಕಾಯಿಗೆ ಮೈತುಂಬ ಸುಕ್ಕು ಇರಬೇಕಂತೆ. ಖಾರ ಕಮ್ಮಿ, ಬಣ್ಣ ಜಾಸ್ತಿ. ಮುರಿದು ಮೂಸಿ ನೋಡಿಯೇ ದರ ಹೇಳುತ್ತಾರೆ. ಪುಸ್ತಕಕ್ಕೂ ನಾನು ಈಗ ಹಾಗೇ ಮಾಡುತ್ತೇನೆ. ಹಿಂಬದಿಯ ಹೊಗಳಿಕೆ ಬಿಟ್ಟು ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದುತ್ತೇನೆ. ಖಾರ ಮಾತ್ರ ಇದ್ದು ಬಣ್ಣ ಇಲ್ಲದ್ದು ಎರಡೇ ಪುಟದಲ್ಲಿ ಗೊತ್ತಾಗುತ್ತದೆ.

ಚಿಕ್ಕ ಮಕ್ಕಳ ಮನೆಯವರಿಗೆ ನಾನು ಧೈರ್ಯವಾಗಿ ಹೇಳುವುದು ಬೊಳುವಾರು ಮಹಮದ್ ಕುಂಞಿಯವರ ಹೆಸರು. ಪುತ್ತೂರಿನವರು, ನಮ್ಮ ಮನೆಗಳ ಮಾತು, ನಗು, ಜಗಳ ಬಲ್ಲವರು. ಮಕ್ಕಳ ಪದ್ಯಗಳನ್ನು ಒಟ್ಟು ಮಾಡಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ನಮ್ಮ ಚಿಕ್ಕವನ ಕೈಯಲ್ಲಿ ಹರಿದು ಎರಡು ಸಲ ಅಂಟು ಹಾಕಿದ್ದಾಗಿದೆ. ದೊಡ್ಡವರಿಗೆ ಅವರ ‘ಸ್ವಾತಂತ್ರ್ಯದ ಓಟ’ ಇದೆ, 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಸಾವಿರ ಪುಟ ದಾಟುತ್ತದೆ, ರಂಝಾನ್ ರಜೆಯಲ್ಲಿ ಶುರು ಮಾಡಿದರೆ ಹಜ್ಜಿನ ಹೊತ್ತಿಗೆ ಮುಗಿದೀತು. ಪ್ರವಾದಿಯವರ(ಸ) ಜೀವನದ ಮೇಲೆ ಬರೆದ ಕಾದಂಬರಿಗೆ ಅವರಿಟ್ಟ ಹೆಸರು ‘ಓದಿರಿ’. ಮೊದಲ ವಹ್ಯ್‌ನ ಮೊದಲ ಪದ ಅದು.

ಗಲ್ಫಿನಲ್ಲಿ ಮಗನೋ ಗಂಡನೋ ಇರುವ ಮನೆಗಳಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಓದಬೇಕು, ಅದು ಕನ್ನಡದಲ್ಲೂ ಬಂದಿದೆ. ಕೆಲಸಕ್ಕೆಂದು ಸೌದಿಗೆ ಹೋಗಿ ಮರುಭೂಮಿಯ ಆಡಿನ ಹಟ್ಟಿಯಲ್ಲಿ ಸಿಕ್ಕಿಬಿದ್ದ ನಜೀಬನ ಕಥೆ, ನಡೆದದ್ದನ್ನೇ ಆಧರಿಸಿದ್ದು. ಸಿನಿಮಾ ನೋಡಿದವರು ಪುಸ್ತಕ ಬೇಡ ಅನ್ನುತ್ತಾರೆ. ಬೇಕು. ‘ಇಲ್ಲಿ ಎಲ್ಲ ಸುಖ’ ಅಂತ ಫೋನಿನಲ್ಲಿ ಹೇಳುವವನು ಹೇಳದೆ ಬಿಟ್ಟದ್ದು ಪುಸ್ತಕದ ಪುಟದಲ್ಲಿ ನಿಧಾನಕ್ಕೆ ಕೇಳಿಸುತ್ತದೆ. ಅದು ಭಾರ ಆಯಿತೆಂದರೆ ವೈಕಂ ಮುಹಮ್ಮದ್ ಬಶೀರ್ ಅವರ ಪಾತುಮ್ಮಳ ಆಡು ಇದೆ. ಆ ಆಡು ಮನೆಯ ಸೊಪ್ಪು, ತಿಂಡಿ ಎಲ್ಲ ತಿಂದು ಸಾಲದೆ ಬಶೀರರೇ ಬರೆದ ಪುಸ್ತಕಗಳನ್ನೂ ತಿನ್ನುತ್ತದೆ. ಊರಿಗೆ ಹೋದಾಗ ನನ್ನ ಉಮ್ಮನಿಗೆ ಅದನ್ನು ಬ್ಯಾರಿಯಲ್ಲಿ ಹೇಳುತ್ತಾ ಹೋದೆ. ಓದು ಬರಹ ಬಾರದ ಉಮ್ಮ ನಕ್ಕೂ ನಕ್ಕೂ ಕೊನೆಗೆ, ‘ಇದು ನಮ್ಮ ಮನೆಯದ್ದೇ ಅಲ್ವಾ, ಇವರಿಗೆ ಯಾರು ಹೇಳಿದರು?’ ಅಂದರು.

ಹಣದ ಮಾತೂ ಇದೆ. ಮದ್ರಸದ ಸಂಬಳದಲ್ಲಿ ತಿಂಗಳಿಗೊಂದು ಪುಸ್ತಕ ಕೊಳ್ಳುವುದು ಆಗದ ಮಾತು. ಆದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಅಭಿಯಾನದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿರುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವವರು ಒಮ್ಮೆ ಜೊತೆಗೆ ಹೋಗಿ ನೋಡಿ. ಹಿಂದೆ ಇದೇ ಹಾವೇರಿ ಸೀಮೆಯಲ್ಲಿ ಗಳಗನಾಥರು ತಾವೇ ಬರೆದ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂದು ಇಲ್ಲಿಯವರು ಈಗಲೂ ಹೇಳುತ್ತಾರೆ. 1942ರಲ್ಲಿ ತೀರಿಕೊಂಡವರು. ಈಗ ಪುಸ್ತಕ ಬಸ್‌ಸ್ಟ್ಯಾಂಡಿನಷ್ಟು ದೂರದಲ್ಲಿ ಕಾಯುತ್ತಿದೆ, ನಾವೇ ಹೋಗುತ್ತಿಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಇಬ್ನ್ ಬತೂತಾರ ‘ರಿಹ್ಲಾ’ವನ್ನು ನಾನು ಅರಬಿಯ ಅಭ್ಯಾಸಕ್ಕೆಂದು ತೆಗೆದೆ. ಹದಿನಾಲ್ಕನೇ ಶತಮಾನದ ಪ್ರವಾಸಿ. ಮಂಜರೂರು ಎಂದು ಕರೆದು ನಮ್ಮ ಮಂಗಳೂರಿನ ಬಗ್ಗೆ ಬರೆಯುತ್ತಾರೆ, ಅಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರೆಂದು ಹೇಳುತ್ತಾರೆ. ಬ್ಯಾರಿ ಮನೆಯವನಿಗೆ ಅಷ್ಟಕ್ಕೇ ರೋಮಾಂಚನ. ಆದರೆ ನಾನು ನಿಂತದ್ದು ಅದಕ್ಕಿಂತ ಸ್ವಲ್ಪ ಹಿಂದೆ, ಹೊನ್ನಾವರದ ಪುಟದಲ್ಲಿ. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಮಕ್ತಬ್, ಹೆಣ್ಣುಮಕ್ಕಳಿಗೆ 13 ಮಕ್ತಬ್ ಇದ್ದವು. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅಷ್ಟು ದೇಶ ಸುತ್ತಿದ ಮನುಷ್ಯ ಬರೆದಿದ್ದಾರೆ. ಏಳು ನೂರು ವರ್ಷದ ಹತ್ತಿರ ಆಯಿತು. ಆ ಪುಟವನ್ನು ಮಗಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಕೇಳಿ ಸುಮ್ಮನಿದ್ದಳು. ಆಮೇಲೆ ಕಪಾಟಿನ ಮೇಲಿನ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿದಳು. ಇಬ್ಬರೂ ನಕ್ಕೆವು.

ಈಗ ನಮ್ಮ ಮನೆಯಲ್ಲಿ ಅವಳು ತಂದದ್ದನ್ನು ನಾನು ಓದಬೇಕು, ನಾನು ತಂದದ್ದನ್ನು ಅವಳು ಓದಬೇಕು. ಈ ವಾರ ನನ್ನ ಪಾಲಿಗೆ ಬಂದಿರುವುದು ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಲು ಕಾಡಿಗೆ ಹೊರಟಿದ್ದಾರೆ. ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿ ಇದೆ, ಬಿರಿಯಾನಿ ಕರಿಯಪ್ಪ ಎಂಬವನೂ ಇದ್ದಾನೆ. ಓತಿ ಸಿಗುತ್ತದಾ ಎಂದು ಕೇಳಿದರೆ ಮಗಳು ಹೇಳುವುದಿಲ್ಲ.